ಸಹಿ ಹಾಕದ ಸೇನಾಪತಿ

ಇಂಗ್ಲೆಂಡಿನ ಅಂತರ್ಯುದ್ಧವೆಂದೊಡನೆ ನಮ್ಮಲ್ಲಿ ಬಹುಮಂದಿಯ ಮನಸ್ಸಿನಲ್ಲಿ ಮೂಡುವವು ಎರಡು ಚಿತ್ರಗಳು. ಒಂದು, 1649ರ ಜನವರಿ 30ರ ಕೊರೆಯುವ ಚಳಿಯಲ್ಲಿ, ಲಂಡನ್ನಿನ ವೈಟ್‌ಹಾಲ್ ಅರಮನೆಯ ಮುಂದೆ, ಕೊಡಲಿಗೆ ತಲೆಯೊಡ್ಡಿದ ದೊರೆ ಒಂದನೆಯ ಚಾರ್ಲ್ಸ್. ಇನ್ನೊಂದು, ಆ ದೊರೆಯ ಸ್ಥಾನದಲ್ಲಿ ಮುಂದೆ ತಾನೇ ಕುಳಿತು ದೇಶವನ್ನಾಳಿದ ಆಲಿವರ್ ಕ್ರಾಮ್‌ವೆಲ್. ಈ ಎರಡು ಚಿತ್ರಗಳ ನಡುವೆ ಮೂರನೆಯವನೊಬ್ಬ ನಿಂತಿದ್ದಾನೆ. ದೊರೆಯನ್ನು ಸೋಲಿಸಿದ ಸೈನ್ಯಕ್ಕೆ ಸರ್ವಾಧಿಕಾರಿಯಾಗಿದ್ದವನು ಕ್ರಾಮ್‌ವೆಲ್ ಅಲ್ಲ, ಆತ. ದೊರೆಯ ತಲೆ ಉರುಳಿದ ದಿನವೂ ಆ ಸೈನ್ಯದ ಮಹಾದಂಡನಾಯಕ ಆತನೇ. ಆದರೆ ದೊರೆಯ ಮರಣಶಾಸನದ ಮೇಲೆ ಇರುವ ಐವತ್ತೊಂಬತ್ತು ಸಹಿಗಳಲ್ಲಿ ಅವನ ಸಹಿಯಿಲ್ಲ. ಅವನ ಹೆಸರು ಸರ್ ಥಾಮಸ್ ಫೇರ್‌ಫ್ಯಾಕ್ಸ್. ಯುದ್ಧವನ್ನು ಗೆದ್ದುಕೊಟ್ಟು, ಗೆಲುವಿನ ಫಲವನ್ನು ಕಂಡು ಕೈ ಹಿಂದಕ್ಕೆ ತೆಗೆದುಕೊಂಡ ಈ ಸೇನಾನಿಯ ವಿಚಾರವನ್ನೇ ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲು ಜಗಳದ ಮೂಲವನ್ನು ಒಂದೆರಡು ಮಾತಿನಲ್ಲಿ ಹೇಳಿಬಿಡುವುದು ಒಳ್ಳೆಯದು. ದೊರೆಗೆ ಅಧಿಕಾರ ದೇವರಿಂದ ಬಂದದ್ದು ಎಂಬುದು ಚಾರ್ಲ್ಸನ ನಂಬಿಕೆ. 1629ರಿಂದ 1640ರವರೆಗೆ ಹನ್ನೊಂದು ವರ್ಷಗಳ ಕಾಲ ಆತ ಪಾರ್ಲಿಮೆಂಟನ್ನು ಕರೆಯದೆಯೇ ರಾಜ್ಯವಾಳಿದ. ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಹಡಗಿನ ತೆರಿಗೆಯಂಥ ಕಂದಾಯಗಳನ್ನು ಎತ್ತಿದ. ಸ್ಕಾಟ್‌ಲೆಂಡಿನ ಜನದ ಮೇಲೆ ಅವರಿಗೊಪ್ಪದ ಪ್ರಾರ್ಥನಾಗ್ರಂಥವನ್ನು ಹೇರಹೋಗಿ ಯುದ್ಧ ತಂದುಕೊಂಡ. ಯುದ್ಧಕ್ಕೆ ಹಣ ಬೇಕಾದಾಗ ಪಾರ್ಲಿಮೆಂಟನ್ನು ಕರೆಯದೆ ಗತ್ಯಂತರವಿಲ್ಲವಾಯಿತು. ಕರೆದ ಸಭೆ ಹಣಕ್ಕೆ ಮೊದಲು ನ್ಯಾಯ ಕೇಳಿತು. 1642ರ ಜನವರಿ 4ರಂದು ಆತ ಐವರು ಸದಸ್ಯರನ್ನು ಹಿಡಿಯಲು ಸಿಪಾಯಿಗಳೊಡನೆ ಸಭಾಂಗಣಕ್ಕೇ ನುಗ್ಗಿದ. ಹಕ್ಕಿಗಳು ಅಷ್ಟರಲ್ಲಿ ಹಾರಿಹೋಗಿದ್ದವು. ಆ ವರ್ಷದ ಆಗಸ್ಟ್ 22ರಂದು ನಾಟಿಂಗ್‌ಹ್ಯಾಮಿನಲ್ಲಿ ದೊರೆ ತನ್ನ ಧ್ವಜವೆತ್ತಿದ. ಊರು ಊರಾಗಿ, ಮನೆ ಮನೆಯಾಗಿ ದೇಶ ಸೀಳಿತು.

ಫೇರ್‌ಫ್ಯಾಕ್ಸ್ ಹುಟ್ಟಿದ್ದು 1612ರಲ್ಲಿ, ಉತ್ತರದ ಯಾರ್ಕ್‌ಷೈರ್ ಪ್ರಾಂತದ ಡೆಂಟನ್ ಎಂಬಲ್ಲಿ. ಜಮೀನ್ದಾರರ ಮನೆತನ, ಕತ್ತಿಯೂ ಪುಸ್ತಕವೂ ಒಟ್ಟಿಗೆ ಬಾಳಿದ ಮನೆ. ಕೇಂಬ್ರಿಜ್ಜಿನಲ್ಲಿ ಕೆಲಕಾಲ ಓದಿ, ಹಾಲೆಂಡಿನಲ್ಲಿ ಸರ್ ಹೊರೇಸ್ ವಿಯರ್ ಎಂಬ ಹೆಸರಾಂತ ಸೇನಾನಿಯ ಕೈಕೆಳಗೆ ಯುದ್ಧವಿದ್ಯೆ ಕಲಿತು, 1637ರಲ್ಲಿ ಅದೇ ವಿಯರನ ಮಗಳು ಆ್ಯನಳನ್ನು ಮದುವೆಯಾದ. ಮೈಬಣ್ಣ ಕಪ್ಪು, ಕೂದಲು ಕಪ್ಪು. ಹೀಗಾಗಿ ಸಿಪಾಯಿಗಳು ಅವನನ್ನು ಪ್ರೀತಿಯಿಂದ ‘ಕರಿಯ ಟಾಮ್’ ಎನ್ನುತ್ತಿದ್ದರು. ಆತ ಮಿತಭಾಷಿ. ಮಂತ್ರಾಲೋಚನೆಯ ಸಭೆಗಳಲ್ಲಿ ಸುಮ್ಮನಿರುತ್ತಿದ್ದ, ಆದರೆ ಯುದ್ಧಭೂಮಿಯಲ್ಲಿ ಬೇರೊಬ್ಬನೇ ಆಗಿಬಿಡುತ್ತಿದ್ದ ಎಂದು ಅವನನ್ನು ಬಲ್ಲವರು ಬರೆದಿಟ್ಟಿದ್ದಾರೆ. ಈ ಮೌನಸ್ವಭಾವವನ್ನು ನಾವು ಮರೆಯಬಾರದು. ಮುಂದೆ ಇವನ ಬಾಳಿನ ದೊಡ್ಡ ಪ್ರಶ್ನೆ ಇದರ ಸುತ್ತಲೇ ಸುತ್ತುತ್ತದೆ.

ಯುದ್ಧ ಇನ್ನೂ ಆರಂಭವಾಗಿರಲಿಲ್ಲ. 1642ರ ಜೂನ್ 3ರಂದು ಯಾರ್ಕ್ ನಗರದ ಹೊರಗಿನ ಹೆವರ್ತ್ ಬಯಲಿನಲ್ಲಿ ದೊರೆ ಪ್ರಾಂತದ ಜನರನ್ನು ಸೇರಿಸಿದ್ದ. ಪಾರ್ಲಿಮೆಂಟಿನೊಡನೆ ಸಂಧಿ ಮಾಡಿಕೊಳ್ಳಬೇಕೆಂಬ ಜನರ ಅರ್ಜಿಯನ್ನು ಹಿಡಿದು ಫೇರ್‌ಫ್ಯಾಕ್ಸ್ ಮುಂದೆ ಬಂದ. ದೊರೆ ಅದನ್ನು ಮುಟ್ಟಲೊಲ್ಲ. ಫೇರ್‌ಫ್ಯಾಕ್ಸ್ ಗುಂಪಿನ ನಡುವೆ ನುಗ್ಗಿ ಅರ್ಜಿಯನ್ನು ದೊರೆಯ ಜೀನಿನ ಮೇಲೆಯೇ ಇಟ್ಟ. ದೊರೆ ಕುದುರೆಯನ್ನು ಮುಂದಕ್ಕೆ ನೂಕಿದ ರಭಸಕ್ಕೆ ಅವನು ತುಳಿತಕ್ಕೆ ಸಿಕ್ಕುವುದು ಸ್ವಲ್ಪದರಲ್ಲಿ ತಪ್ಪಿತು. ದೊರೆಯ ವಿರುದ್ಧ ಅವನ ಮೊದಲ ಕಾರ್ಯ ಕತ್ತಿಯದಲ್ಲ, ಒಂದು ಬಿನ್ನಹಪತ್ರದ್ದು. ದೊರೆಯನ್ನು ಕೆಳಗಿಳಿಸಬೇಕೆಂಬ ಹಟ ಅವನದಾಗಿರಲಿಲ್ಲ. ದೊರೆ ಕಿವಿಗೊಡಬೇಕು ಎಂಬುದಷ್ಟೇ ಬೇಡಿಕೆ.

ಉತ್ತರದ ಯುದ್ಧ ಮೊದಮೊದಲು ಏಳುಬೀಳಿನದು. ಲೀಡ್ಸ್, ವೇಕ್‌ಫೀಲ್ಡ್ ಪಟ್ಟಣಗಳನ್ನು ಆತ ಗೆದ್ದ. ಉಣ್ಣೆಯ ನೇಯ್ಗೆಯಿಂದ ಬದುಕುತ್ತಿದ್ದ ಆ ಪಟ್ಟಣಗಳ ಜನರೇ ಅವನ ಬಲ. 1643ರ ಜೂನ್ 30ರಂದು ಆ್ಯಡ್‌ವಾಲ್ಟನ್ ಬಯಲಿನಲ್ಲಿ ದೊರೆಯ ಪಕ್ಷದ ನ್ಯೂಕಾಸಲ್ ಪ್ರಭುವಿನ ಎದುರು ತಂದೆಮಕ್ಕಳಿಬ್ಬರೂ ಸೋತರು. ಬ್ರಾಡ್‌ಫರ್ಡಿನಿಂದ ತಪ್ಪಿಸಿಕೊಳ್ಳುವಾಗ ಹೆಂಡತಿ ಆ್ಯನ್ ವೈರಿಗಳ ಕೈಸೆರೆಯಾದಳು. ಐದು ವರ್ಷದ ಮಗಳು ಮೇರಿ ಕುದುರೆಯ ಮೇಲೆ ದೀರ್ಘ ಪ್ರಯಾಣದಲ್ಲಿ ಬಸವಳಿದು ಸಾಯುವ ಸ್ಥಿತಿಗೆ ಬಂದಿತ್ತು. ನ್ಯೂಕಾಸಲ್ ಆ್ಯನಳನ್ನು ಕೆಲವೇ ದಿನಗಳಲ್ಲಿ ತನ್ನ ಸ್ವಂತ ಸಾರೋಟಿನಲ್ಲಿ ಗೌರವದಿಂದ ಗಂಡನಲ್ಲಿಗೆ ಕಳುಹಿಸಿಕೊಟ್ಟ. ಅಣ್ಣತಮ್ಮಂದಿರ ಜಗಳದಲ್ಲಿ ಇಂಥ ಮರ್ಯಾದೆ ಆ ಹೊತ್ತಿಗಿನ್ನೂ ಉಳಿದಿತ್ತು. ಯುದ್ಧ ಬೆಳೆದಂತೆ ಅದು ಹೇಗೆ ಸವೆಯಿತೆಂಬುದನ್ನು ಮುಂದೆ ನೋಡುತ್ತೇವೆ.

1644ರ ಜುಲೈ 2ರಂದು ಮಾರ್ಸ್ಟನ್ ಬಯಲಿನಲ್ಲಿ ನಡೆದ ಮಹಾಯುದ್ಧದಲ್ಲಿ ಬಲಪಾರ್ಶ್ವದ ಅಶ್ವದಳ ಫೇರ್‌ಫ್ಯಾಕ್ಸನದು. ಆ ದಳ ಮುರಿಯಿತು. ಅವನ ಕೆನ್ನೆಗೆ ಗಾಯವಾಗಿತ್ತು, ಸುತ್ತಲೂ ವೈರಿಗಳು. ಪಾರ್ಲಿಮೆಂಟಿನವರು ಗುರುತಿಗೆಂದು ಟೋಪಿಯಲ್ಲಿ ಸಿಕ್ಕಿಸಿಕೊಂಡಿದ್ದ ಬಿಳಿಯ ಚಿಹ್ನೆಯನ್ನು ಕಿತ್ತೆಸೆದು, ವೈರಿಗಳಲ್ಲೊಬ್ಬನಂತೆ ಅವರ ನಡುವೆಯೇ ಹಾದು, ಇನ್ನೊಂದು ಪಾರ್ಶ್ವದಲ್ಲಿ ಗೆಲ್ಲುತ್ತಿದ್ದ ಕ್ರಾಮ್‌ವೆಲ್ಲನ ಕಡೆ ಸೇರಿದ. ಅಂದಿನ ಗಾಯಗಳಿಂದ ಅವನ ತಮ್ಮ ಚಾರ್ಲ್ಸ್ ತೀರಿಕೊಂಡ. ಗೆಲುವು ಪಾರ್ಲಿಮೆಂಟಿನದಾಯಿತು. ಸ್ವಲ್ಪ ದಿನಗಳಲ್ಲಿ ಯಾರ್ಕ್ ನಗರವೂ ಶರಣಾಯಿತು. ಚರ್ಚಿನ ಚಿತ್ರಗಳನ್ನು ವಿಗ್ರಹಾರಾಧನೆಯೆಂದು ಒಡೆಯುತ್ತಿದ್ದ ಕಾಲ ಅದು. ಯಾರ್ಕಿನ ಮಹಾದೇವಾಲಯದ ಬಣ್ಣದ ಗಾಜಿನ ಕಿಟಕಿಗಳು ಇಂದಿಗೂ ಉಳಿದಿರುವುದಕ್ಕೆ ಫೇರ್‌ಫ್ಯಾಕ್ಸ್ ಮನೆತನದವರ ರಕ್ಷಣೆಯೇ ಕಾರಣವೆಂದು ಆ ನಗರ ಕೃತಜ್ಞತೆಯಿಂದ ನೆನೆಯುತ್ತದೆ.

ಇಷ್ಟಾದರೂ ಯುದ್ಧ ಮುಗಿಯಲಿಲ್ಲ. ಪಾರ್ಲಿಮೆಂಟಿನ ಹಿರಿಯ ದಂಡನಾಯಕರಿಗೆ ದೊರೆಯನ್ನು ಪೂರ್ತಿ ಸೋಲಿಸುವುದಕ್ಕೇ ಭಯ. ಆಗ 1645ರಲ್ಲಿ ಎರಡು ಶಾಸನಗಳು ಬಂದವು. ಒಂದರ ಪ್ರಕಾರ ಪಾರ್ಲಿಮೆಂಟಿನ ಎರಡು ಸಭೆಗಳ ಸದಸ್ಯರೂ ಸೈನ್ಯದ ಅಧಿಕಾರ ಬಿಟ್ಟುಕೊಡಬೇಕು. ಇನ್ನೊಂದು, ‘ಹೊಸ ಮಾದರಿಯ ಸೈನ್ಯ’ ಎಂದು ಹೆಸರಾದ ದೇಶಾವರಿ ಸೈನ್ಯವನ್ನು ಕಟ್ಟಿತು. 14,400 ಕಾಲಾಳು, 6,600 ಕುದುರೆಯವರು, 1,000 ಬಂದೂಕಿನ ಸವಾರರು, ಒಟ್ಟು 22,000. ಕಾಲಾಳಿಗೆ ದಿನಕ್ಕೆ ಎಂಟು ಪೆನ್ಸ್ ಸಂಬಳ. ಇದರ ನಾಯಕತ್ವ ಯಾವ ಸಭೆಯ ಸದಸ್ಯನೂ ಅಲ್ಲದ, ಮೂವತ್ತಮೂರು ವರ್ಷದ ಫೇರ್‌ಫ್ಯಾಕ್ಸನಿಗೆ ಬಂತು. ಕ್ರಾಮ್‌ವೆಲ್ ಸದಸ್ಯನಾದುದರಿಂದ ಹೊರಗುಳಿಯಬೇಕಾಗಿತ್ತು. ಅವನನ್ನು ಅಶ್ವದಳಕ್ಕೆ ಬೇಕೆಂದು ಕೇಳಿ ಪಡೆದವನು ಫೇರ್‌ಫ್ಯಾಕ್ಸನೇ. ಇಲ್ಲಿ ಒಂದು ಸೂಕ್ಷ್ಮವಿದೆ. ಹಿಂದಿನ ದಂಡನಾಯಕರ ಅಧಿಕಾರಪತ್ರದಲ್ಲಿ ದೊರೆಯ ದೇಹರಕ್ಷಣೆಯ ಮಾತು ಸೇರಿರುತ್ತಿತ್ತು. ಫೇರ್‌ಫ್ಯಾಕ್ಸನಿಗೆ ಕೊಟ್ಟ ಪತ್ರದಲ್ಲಿ ಆ ಮಾತನ್ನು ಬಿಟ್ಟುಬಿಟ್ಟರು. ನಾಲ್ಕು ವರ್ಷಗಳ ಅನಂತರ ವೈಟ್‌ಹಾಲಿನ ಮುಂದೆ ನಡೆದದ್ದರ ನೆರಳು ಆ ಬಿಟ್ಟುಹೋದ ಮಾತಿನಲ್ಲಿ ಆಗಲೇ ಬಿದ್ದಿತ್ತೆಂದು ಹೇಳಬಹುದು.

1645ರ ಜೂನ್ 14ರಂದು ನೇಸ್‌ಬಿಯಲ್ಲಿ ಈ ಹೊಸ ಸೈನ್ಯ ದೊರೆಯ ಮುಖ್ಯ ಸೈನ್ಯವನ್ನು ಎರಡುಮೂರು ಗಂಟೆಗಳಲ್ಲಿ ನುಚ್ಚುನೂರು ಮಾಡಿತು. 4,000ಕ್ಕೂ ಮಿಕ್ಕಿ ಸೆರೆಸಿಕ್ಕರು. ಫೇರ್‌ಫ್ಯಾಕ್ಸ್ ಶಿರಸ್ತ್ರಾಣವಿಲ್ಲದೆ ಕಾದಾಡುತ್ತಾ ಶತ್ರುವಿನ ಧ್ವಜವೊಂದನ್ನು ತಾನೇ ಕಿತ್ತುಕೊಂಡನೆಂದೂ, ಅದನ್ನು ಹಿಡಿದವನು ತಾನೆಂದು ಒಬ್ಬ ಸಿಪಾಯಿ ಜಂಬ ಕೊಚ್ಚಿಕೊಂಡಾಗ, ಆ ಕೀರ್ತಿ ಅವನಿಗೇ ಇರಲಿ, ನನಗೆ ಬೇರೆ ಸಾಕಷ್ಟಿದೆ ಎಂಬರ್ಥದ ಮಾತಾಡಿ ಸುಮ್ಮನಾದನೆಂದೂ ಆ ಕಾಲದವರು ಹೇಳುತ್ತಾರೆ. ಅದೇ ದಿನ, ಅದೇ ಸೈನ್ಯ, ದೊರೆಯ ಪಾಳೆಯದ ಹಿಂದಿದ್ದ ನೂರರಷ್ಟು ಹೆಂಗಸರನ್ನು ಕೊಂದಿತೆಂಬುದನ್ನೂ ಮುಚ್ಚಿಡಬಾರದು. ಬೈಬಲನ್ನು ಜೇಬಿನಲ್ಲಿಟ್ಟುಕೊಂಡ ಸೈನ್ಯವೂ ಸೈನ್ಯವೇ.

ಅನಂತರ ಲ್ಯಾಂಗ್‌ಪೋರ್ಟ್, ಬ್ರಿಸ್ಟಲ್. ಕೊನೆಗೆ 1646ರ ಜೂನಿನಲ್ಲಿ ದೊರೆಯ ರಾಜಧಾನಿಯಂತಿದ್ದ ಆಕ್ಸ್‌ಫರ್ಡ್ ಶರಣಾಯಿತು. ಪಟ್ಟಣ ಕೈಗೆ ಬಂದೊಡನೆ ಫೇರ್‌ಫ್ಯಾಕ್ಸ್ ಮಾಡಿದ ಮೊದಲ ಕೆಲಸ ಬಾಡ್ಲಿಯನ್ ಗ್ರಂಥಭಂಡಾರಕ್ಕೆ ಕಾವಲು ಹಾಕಿದ್ದು ಎಂದು ಜಾನ್ ಆಬ್ರೆ ಬರೆದಿದ್ದಾನೆ. ಕಾವಲಿಲ್ಲದಿದ್ದರೆ ಆ ಭಂಡಾರ ನಾಶವಾಗುತ್ತಿತ್ತೆಂದು ಅವನ ಅಭಿಪ್ರಾಯ.

ಇಲ್ಲಿಗೆ ಕಥೆ ಮುಗಿದಿದ್ದರೆ ಫೇರ್‌ಫ್ಯಾಕ್ಸ್ ನಿಷ್ಕಳಂಕ ವೀರನಾಗಿ ಉಳಿಯುತ್ತಿದ್ದ. ಆದರೆ ಯುದ್ಧ ಗೆದ್ದ ಸೈನ್ಯವನ್ನು ಏನು ಮಾಡುವುದೆಂಬುದು ಯುದ್ಧ ಗೆಲ್ಲುವುದಕ್ಕಿಂತ ಕಠಿಣವಾದ ಪ್ರಶ್ನೆ. 1647ರ ವಸಂತದ ಹೊತ್ತಿಗೆ ಕಾಲಾಳುಗಳಿಗೆ 18 ವಾರಗಳ, ಕುದುರೆಯವರಿಗೆ 43 ವಾರಗಳ ಸಂಬಳ ಬಾಕಿ. ಪಾರ್ಲಿಮೆಂಟು ಅದರಲ್ಲಿ ಸ್ವಲ್ಪ ಕೊಟ್ಟು ಸೈನ್ಯವನ್ನು ಚದುರಿಸಲು ಹೊರಟಿತು. ಸಿಪಾಯಿಗಳು ತಮ್ಮ ಪ್ರತಿನಿಧಿಗಳನ್ನು ಆರಿಸಿಕೊಂಡು ಹಕ್ಕು ಕೇಳಿದರು. ನಾವು ಕೂಲಿಗಾಗಿ ಕೊಲ್ಲುವವರಲ್ಲ ಎಂದರು. ಜೂನ್ ತಿಂಗಳಲ್ಲಿ ಜಾಯ್ಸ್ ಎಂಬ ಕಿರಿಯ ಅಧಿಕಾರಿ ಪಾರ್ಲಿಮೆಂಟಿನ ಕಾವಲಿನಲ್ಲಿದ್ದ ದೊರೆಯನ್ನೇ ಎತ್ತಿಕೊಂಡು ಸೈನ್ಯದ ವಶಕ್ಕೆ ತಂದ. ಸೇನಾಪತಿಯ ಅಪ್ಪಣೆ ಅದಕ್ಕಿರಲಿಲ್ಲ. ಫೇರ್‌ಫ್ಯಾಕ್ಸ್ ಕನಲಿದ, ಆದರೆ ನಡೆದದ್ದನ್ನು ತಿರುಗಿಸಲಾರದೆ ಹೋದ. ಆಗಸ್ಟಿನಲ್ಲಿ ಸೈನ್ಯ ಲಂಡನ್ನನ್ನು ಹೊಕ್ಕಿತು. ಸೈನ್ಯದ ಮುಂದೆ ಕುದುರೆಯೇರಿದ್ದವನು ಫೇರ್‌ಫ್ಯಾಕ್ಸ್. ಆದರೆ ಸೈನ್ಯವನ್ನು ಅವನು ನಡೆಸುತ್ತಿದ್ದನೋ, ಸೈನ್ಯ ಅವನನ್ನು ತಳ್ಳುತ್ತಿತ್ತೋ, ಹೇಳುವುದು ಸುಲಭವಲ್ಲ.

1648ರಲ್ಲಿ ದೊರೆಯ ಪಕ್ಷ ಮತ್ತೆ ಎದ್ದಿತು. ಫೇರ್‌ಫ್ಯಾಕ್ಸ್ ಕೋಲ್‌ಚೆಸ್ಟರ್ ಪಟ್ಟಣಕ್ಕೆ ಮುತ್ತಿಗೆ ಹಾಕಿದ. ಹನ್ನೊಂದು ವಾರಗಳ ಮುತ್ತಿಗೆ. ಒಳಗೆ ಜನ ಕುದುರೆ, ನಾಯಿ, ಬೆಕ್ಕುಗಳನ್ನು ತಿಂದರು. ಹಸಿದ ಹೆಂಗಸರು ಹೊರಗೆ ಬಿಡಿರೆಂದು ಬಂದಾಗ ಮುತ್ತಿಗೆಯವರು ದಾರಿ ಕೊಡಲಿಲ್ಲ. ಆಗಸ್ಟ್ 28ರಂದು ಪಟ್ಟಣ ಶರಣಾದ ಸಂಜೆಯೇ ಸರ್ ಚಾರ್ಲ್ಸ್ ಲ್ಯೂಕಾಸ್, ಸರ್ ಜಾರ್ಜ್ ಲೈಲ್ ಎಂಬ ಇಬ್ಬರು ವೀರರನ್ನು ಕೋಟೆಯ ಬಳಿ ಗುಂಡಿಕ್ಕಿ ಕೊಂದರು. ಹಿಂದೆ ಕೊಟ್ಟ ಮಾತನ್ನು ಲ್ಯೂಕಾಸ್ ಮುರಿದನೆಂಬುದೂ, ಶರಣಾಗತಿಯ ಒಪ್ಪಂದದಲ್ಲಿ ಅಧಿಕಾರಿಗಳ ಜೀವಕ್ಕೆ ಅಭಯವಿರಲಿಲ್ಲವೆಂಬುದೂ ಫೇರ್‌ಫ್ಯಾಕ್ಸನ ಸಮರ್ಥನೆ. ಯುದ್ಧನಿಯಮದ ಲೆಕ್ಕದಲ್ಲಿ ಅದು ಸರಿಯಿರಬಹುದು. ಆದರೆ ಐದು ವರ್ಷಗಳ ಹಿಂದೆ ವೈರಿಯ ಸಾರೋಟಿನಲ್ಲಿ ಹೆಂಡತಿ ಮನೆಗೆ ಬಂದುದನ್ನು ಕಂಡ ಮನುಷ್ಯನೇ ಈತ. ಅವನ ಹೆಸರಿಗಂಟಿದ ಈ ಕಲೆಯನ್ನು ಅವನ ಮೇಲೆ ಗೌರವವುಳ್ಳವರು ಕೂಡ ತೊಳೆಯಲಾರರು.

ಆ ಮುತ್ತಿಗೆಯ ದಿನಗಳಲ್ಲಿಯೇ ಜಾನ್ ಮಿಲ್ಟನ್ ಫೇರ್‌ಫ್ಯಾಕ್ಸನನ್ನು ಕುರಿತು ಒಂದು ಸಾನೆಟ್ಟನ್ನು ರಚಿಸಿದ. ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿದವರಿಗೆ ಅದು ಅಪರಿಚಿತವಲ್ಲ. ಸೇನಾಪತಿಯ ಕೀರ್ತಿಯನ್ನು ಹಾಡುವುದರಿಂದ ಮೊದಲಾಗುವ ಆ ಕವಿತೆ ಅರ್ಧದಲ್ಲಿ ತಿರುಗಿ, ಇನ್ನೂ ಹಿರಿದಾದ ಕೆಲಸವೊಂದು ನಿನಗಾಗಿ ಕಾದಿದೆ ಎನ್ನುತ್ತದೆ: ಯುದ್ಧದಿಂದ ಯುದ್ಧವಲ್ಲದೆ ಬೇರೇನು ಹುಟ್ಟೀತು, ರಾಜ್ಯದೊಳಗಿನ ವಂಚನೆ, ದುರಾಸೆಗಳನ್ನು ತೊಡೆದುಹಾಕು ಎಂಬುದು ಕವಿಯ ಕೋರಿಕೆ. ಕವಿ ಕೇಳಿದ್ದು ಫೇರ್‌ಫ್ಯಾಕ್ಸನಿಂದ ಆಗದ ಕೆಲಸವನ್ನು. ಕತ್ತಿ ಹಿಡಿದವನು ರಾಜ್ಯವನ್ನು ತಿದ್ದಲು ಹೊರಟರೆ ಅಲ್ಲಿ ಉಳಿಯುವುದು ಕತ್ತಿಯೊಂದೇ ಎಂಬ ಅಳುಕು ಅವನಿಗಿತ್ತೆಂದು ತೋರುತ್ತದೆ.

1648ರ ಡಿಸೆಂಬರ್ 6ರಂದು ಕರ್ನಲ್ ಪ್ರೈಡ್ ಸಿಪಾಯಿಗಳೊಡನೆ ಪಾರ್ಲಿಮೆಂಟಿನ ಬಾಗಿಲಲ್ಲಿ ನಿಂತು, ಸೈನ್ಯಕ್ಕೆ ಬೇಡವಾದ ಸದಸ್ಯರನ್ನು ಒಳಗೆ ಬಿಡದೆ ತಡೆದ. ದೊರೆ ಐವರನ್ನು ಹಿಡಿಯಲು ಬಂದದ್ದೇ ಯುದ್ಧಕ್ಕೆ ಕಾರಣವಾದರೆ, ಈಗ ಪಾರ್ಲಿಮೆಂಟಿನ ಸೈನ್ಯವೇ ನೂರಾರು ಮಂದಿಯನ್ನು ಹೊರಗಟ್ಟಿತು. ಉಳಿದವರು ದೊರೆಯ ವಿಚಾರಣೆಗೆ 135 ಮಂದಿಯ ನ್ಯಾಯಸಭೆಯನ್ನು ನೇಮಿಸಿದರು. ಅದರಲ್ಲಿ ಫೇರ್‌ಫ್ಯಾಕ್ಸನ ಹೆಸರೂ ಇತ್ತು. 1649ರ ಜನವರಿ 8ರಂದು ನಡೆದ ಮೊದಲ ಬೈಠಕ್ಕಿಗೆ ಆತ ಹೋದ. ಆಮೇಲೆ ಒಂದು ದಿನವೂ ಹೋಗಲಿಲ್ಲ. ವೆಸ್ಟ್‌ಮಿನ್‌ಸ್ಟರ್ ಸಭಾಭವನದಲ್ಲಿ ವಿಚಾರಣೆ ಆರಂಭವಾಗಿ ಅವನ ಹೆಸರನ್ನು ಕೂಗಿದಾಗ, ಮೇಲಿನ ಸಾಲಿನಿಂದ ಮುಸುಕು ಹಾಕಿದ ಹೆಂಗಸೊಬ್ಬಳು, ಇಲ್ಲಿಗೆ ಬಾರದಷ್ಟು ವಿವೇಕ ಅವನಿಗಿದೆ ಎಂಬರ್ಥದಲ್ಲಿ ಉತ್ತರ ಕೊಟ್ಟಳು. ಇನ್ನೊಂದು ದಿನ, ಇಂಗ್ಲೆಂಡಿನ ಜನರೆಲ್ಲರ ಹೆಸರಿನಲ್ಲಿ ಆರೋಪವೆಂದಾಗ ಅದು ಸುಳ್ಳೆಂದು ಕೂಗಿದಳು. ಸಿಪಾಯಿಗಳು ಆ ಕಡೆಗೆ ಬಂದೂಕು ತಿರುಗಿಸಿದರು. ಆಕೆ ಸೇನಾಪತಿಯ ಹೆಂಡತಿ ಆ್ಯನ್.

ಗಂಡ ಮನೆಯಲ್ಲಿ ಮೌನವಾಗಿದ್ದ. ಹೆಂಡತಿ ಸಭೆಯಲ್ಲಿ ಮಾತಾಡಿದಳು. ಈ ಎರಡು ಸಂಗತಿಗಳನ್ನು ಜೊತೆಗಿಟ್ಟು ನೋಡಿದಾಗಲೇ ಫೇರ್‌ಫ್ಯಾಕ್ಸನ ಧರ್ಮಸಂಕಟದ ಆಳ ನಮಗೆ ತಿಳಿಯುವುದು. ಗೈರುಹಾಜರಾಗುವುದು ಒಂದು ಬಗೆಯ ಪ್ರತಿಭಟನೆಯೇನೋ ಹೌದು. ಆದರೆ ಅಂದು ಇಂಗ್ಲೆಂಡಿನಲ್ಲಿ ಯಾರೊಬ್ಬನ ಮಾತಿಗಾದರೂ ಆ ಕೊಡಲಿಯನ್ನು ತಡೆಯುವ ಶಕ್ತಿ ಇದ್ದಿದ್ದರೆ ಅದು ಇವನ ಮಾತಿಗೆ. ಅಂಥವನು ಆಡದಿದ್ದಾಗ ಮೌನವೂ ಒಂದು ಸಹಿಯೇ ಅಲ್ಲವೆ? ಅವನ ಪರವಾಗಿ ಹೇಳುವುದೂ ಉಂಟು. ಅವನು ಅಪ್ಪಣೆ ಕೊಟ್ಟಿದ್ದರೆ ಸೈನ್ಯ ಎರಡಾಗಿ ಒಡೆದು ಮೂರನೆಯ ಯುದ್ಧ ಅಲ್ಲೇ ಆರಂಭವಾಗಬಹುದಿತ್ತು. ಒಬ್ಬನ ಪ್ರಾಣಕ್ಕಾಗಿ ಸಾವಿರಾರು ಪ್ರಾಣಗಳನ್ನು ಪಣಕ್ಕಿಡುವುದು ಅವನಿಗೆ ಸಲ್ಲದೆಂದು ತೋರಿರಬೇಕು. ಈ ಎರಡು ವಾದಗಳಲ್ಲಿ ಯಾವುದೂ ಇನ್ನೊಂದನ್ನು ಅಳಿಸುವುದಿಲ್ಲ. ದೊರೆಯ ವಧೆಯಾದ ದಿನವನ್ನು ಕುರಿತು ಆತ ಮುಂದೆ ನೋವು ತುಂಬಿದ ಕೆಲವು ಸಾಲಿನ ಪದ್ಯ ಬರೆದ. ಸಭೆಯಲ್ಲಿ ಆಡದ ಮಾತು ಪದ್ಯದಲ್ಲಿ ಬಂತು; ಬರುವ ಹೊತ್ತಿಗೆ ತಡವಾಗಿತ್ತು.

ಆ ವಸಂತದ ಇನ್ನೊಂದು ಪ್ರಸಂಗವನ್ನೂ ಹೇಳಬೇಕು. ಭೂಮಿ ಎಲ್ಲರ ಸೊತ್ತೆಂದು ಸಾರಿ ಸೇಂಟ್ ಜಾರ್ಜ್ ಗುಡ್ಡದ ಪಾಳುನೆಲವನ್ನು ಅಗೆದು ಬಿತ್ತತೊಡಗಿದ ಬಡವರ ಗುಂಪಿನ ನಾಯಕ ಜೆರಾರ್ಡ್ ವಿನ್‌ಸ್ಟನ್ಲಿ ಸೇನಾಪತಿಯನ್ನು ಕಾಣಲು ಬಂದ. ಅವನ ಮುಂದೆ ಟೋಪಿ ತೆಗೆಯಲಿಲ್ಲ. ಫೇರ್‌ಫ್ಯಾಕ್ಸ್ ಸಿಟ್ಟಾಗಲಿಲ್ಲ. ತಾನೇ ಆ ಗುಡ್ಡಕ್ಕೆ ಹೋಗಿ ಅವರ ಕೆಲಸ ನೋಡಿ, ಸೌಮ್ಯವಾಗಿ ಮಾತಾಡಿ ಬಂದ. ಆದರೆ ಅದೇ ಮೇ ತಿಂಗಳಿನಲ್ಲಿ ಸಮಾನತೆಗಾಗಿ ದಂಗೆಯೆದ್ದ ತನ್ನ ಸಿಪಾಯಿಗಳನ್ನು ಬರ್‌ಫರ್ಡಿನಲ್ಲಿ ಅಡಗಿಸಿದ; ಮೂವರನ್ನು ಚರ್ಚಿನ ಅಂಗಳದಲ್ಲಿ ಗುಂಡಿಕ್ಕಿದರು. ನೆಲ ಅಗೆಯುವವನೊಡನೆ ಮಾತು, ಶಿಸ್ತು ಮೀರಿದವನಿಗೆ ಗುಂಡು: ಸೈನಿಕನ ನ್ಯಾಯದ ಗಡಿ ಅಷ್ಟೇ.

ಅವನ ಬಾಯಿಂದ ಸ್ಪಷ್ಟವಾದ ‘ಒಲ್ಲೆ’ ಬಂದದ್ದು 1650ರ ಜೂನಿನಲ್ಲಿ. ಸ್ಕಾಟ್‌ಲೆಂಡ್ ಸತ್ತ ದೊರೆಯ ಮಗನನ್ನು ದೊರೆಯೆಂದು ಸಾರಿತ್ತು. ಅವರು ದಂಡೆತ್ತಿ ಬರುವ ಮೊದಲು ನಾವೇ ನುಗ್ಗಬೇಕೆಂದು ರಾಜ್ಯಮಂಡಲಿ ನಿಶ್ಚಯಿಸಿತು. ಅವರು ಬಂದರೆ ತಡೆಯುತ್ತೇನೆ, ಬರಬಹುದೆಂಬ ಊಹೆಯ ಮೇಲೆ ನೆರೆಯ ನಾಡಿನ ಮೇಲೆ ಬೀಳಲಾರೆ ಎಂದ ಫೇರ್‌ಫ್ಯಾಕ್ಸ್. ಹಿಂದೆ ಅವರೊಡನೆ ದೇವರ ಹೆಸರಿನಲ್ಲಿ ಮಾಡಿಕೊಂಡ ಒಪ್ಪಂದವನ್ನು ನೆನಪಿಸಿದ. ಮನವೊಲಿಸಲು ಬಂದವರಲ್ಲಿ ಕ್ರಾಮ್‌ವೆಲ್ಲನೂ ಇದ್ದ. ಆತ ಬಾಗಲಿಲ್ಲ, ಅಧಿಕಾರಪತ್ರವನ್ನು ಹಿಂದಿರುಗಿಸಿದ. ಜೂನ್ 26ರಂದು ಕ್ರಾಮ್‌ವೆಲ್ ಮಹಾದಂಡನಾಯಕನಾದ. ಆ ಪದವಿಯಿಂದ ದೇಶದ ಪೀಠಕ್ಕೆ ಅವನಿಗೆ ಹೆಚ್ಚು ದೂರವಿರಲಿಲ್ಲ. ಫೇರ್‌ಫ್ಯಾಕ್ಸನ ಒಳ್ಳೆಯತನ ಖಾಲಿಮಾಡಿದ ಜಾಗವನ್ನು ಇನ್ನೊಬ್ಬನ ಆಕಾಂಕ್ಷೆ ತುಂಬಿತು. ಅಧಿಕಾರವನ್ನು ತ್ಯಜಿಸುವವನನ್ನು ನಾವು ಹೊಗಳುತ್ತೇವೆ, ಹೊಗಳಬೇಕಾದದ್ದೇ. ಆದರೆ ಬಿಟ್ಟ ಅಧಿಕಾರ ಯಾರ ಕೈಗೆ ಹೋಯಿತೆಂಬುದನ್ನೂ ಚರಿತ್ರೆ ಕೇಳುತ್ತದೆ.

ನನ್ ಆ್ಯಪಲ್ಟನ್ ಎಂಬ ತನ್ನ ಹಳ್ಳಿಮನೆಗೆ ಆತ ಹಿಂದಿರುಗಿದ. ಮಗಳು ಮೇರಿಗೆ ಭಾಷೆಗಳನ್ನು ಕಲಿಸಲು ಬಂದ ತರುಣ ಉಪಾಧ್ಯಾಯನೇ ಕವಿ ಆ್ಯಂಡ್ರೂ ಮಾರ್ವೆಲ್. ಐರ್ಲೆಂಡಿನಿಂದ ಗೆದ್ದು ಬಂದ ಕ್ರಾಮ್‌ವೆಲ್ಲನ ಮೇಲೆ ಪ್ರಸಿದ್ಧವಾದ ಪ್ರಗಾಥವೊಂದನ್ನು ರಚಿಸಿದ ಇದೇ ಕವಿ, ಫೇರ್‌ಫ್ಯಾಕ್ಸನ ಮನೆ, ತೋಟ, ಹುಲ್ಲುಗಾವಲುಗಳ ಮೇಲೆ ದೀರ್ಘ ಕವನವೊಂದನ್ನು ಬರೆದ. ಆ ತೋಟವನ್ನು ಕೋಟೆಯ ಆಕಾರದಲ್ಲಿ ಹಾಕಿತ್ತು. ಕವಿಯ ಕಣ್ಣಿಗೆ ಅಲ್ಲಿಯ ಹೂಗಳೇ ಸಿಪಾಯಿಗಳು. ಇಂಥ ಮನುಷ್ಯ ಇಷ್ಟಪಟ್ಟಿದ್ದರೆ ನಾಡನ್ನೇ ತೋಟವಾಗಿ ಮಾಡಬಹುದಿತ್ತಲ್ಲ ಎಂಬ ಮೆಲುವಾದ ವಿಷಾದವೂ ಆ ಕವನದಲ್ಲಿದೆ. ಹೊಗಳಿಕೆಯೋ ಆಕ್ಷೇಪವೋ ಎಂದು ವಿಮರ್ಶಕರು ಇಂದಿಗೂ ಚರ್ಚಿಸುತ್ತಾರೆ. ಎರಡೂ ಇರಬೇಕು.

ಕ್ರಾಮ್‌ವೆಲ್ 1658ರಲ್ಲಿ ಸತ್ತ. ನಾಡು ಮತ್ತೆ ಸೇನಾಧಿಪತಿಗಳ ಕಚ್ಚಾಟಕ್ಕೆ ಸಿಕ್ಕಿತು. 1660ರ ಆರಂಭದಲ್ಲಿ, ವಾತರೋಗದಿಂದ ಜರ್ಜರಿತನಾಗಿದ್ದ ಫೇರ್‌ಫ್ಯಾಕ್ಸ್ ಯಾರ್ಕ್‌ಷೈರಿನಲ್ಲಿ ಮತ್ತೆ ಹೊರಬಂದ. ಹಳೆಯ ದಂಡನಾಯಕನನ್ನು ಕಂಡೊಡನೆ ಲ್ಯಾಂಬರ್ಟನ ಸಿಪಾಯಿಗಳು ತಮ್ಮ ನಾಯಕನನ್ನು ಬಿಟ್ಟು ಇವನ ಕಡೆ ಬಂದರು. ಸ್ಕಾಟ್‌ಲೆಂಡಿನಿಂದ ಬರುತ್ತಿದ್ದ ಜನರಲ್ ಮಂಕ್‌ನಿಗೆ ದಾರಿ ತೆರೆಯಿತು. ತಾನು ಸೋಲಿಸಿದ ದೊರೆಯ ಮಗನನ್ನು ಕರೆತರಲು ಹೇಗ್ ನಗರಕ್ಕೆ ಹೋದ ನಿಯೋಗಕ್ಕೆ ಫೇರ್‌ಫ್ಯಾಕ್ಸನೇ ಮುಖ್ಯನಾದ. ಮರುವರ್ಷ, ಮೊದಲನೆಯ ಚಾರ್ಲ್ಸನ ವಧೆಯ ದಿನದಂದೇ, ಕ್ರಾಮ್‌ವೆಲ್ಲನ ಹೆಣವನ್ನು ಗೋರಿಯಿಂದ ತೆಗೆದು ಟೈಬರ್ನಿನಲ್ಲಿ ನೇತುಹಾಕಿದರು. ಸಹಿ ಹಾಕಿ ಬದುಕುಳಿದವರಲ್ಲಿ ಹಲವರು ನೇಣಿಗೇರಿದರು, ಹಲವರು ದೇಶಬಿಟ್ಟು ಓಡಿದರು. ಮಿಲ್ಟನನ ಆ ಸಾನೆಟ್ ಅವನ 1673ರ ಸಂಕಲನದಲ್ಲಿ ಸೇರಲಿಲ್ಲ. ಕವಿ ಸತ್ತು ಇಪ್ಪತ್ತು ವರ್ಷಗಳ ಮೇಲೆ, 1694ರಲ್ಲಿ ಅಚ್ಚಾಯಿತು. ಫೇರ್‌ಫ್ಯಾಕ್ಸನನ್ನು ಯಾರೂ ಮುಟ್ಟಲಿಲ್ಲ. ಅವನು 1671ರ ನವೆಂಬರಿನಲ್ಲಿ ತನ್ನ ಮನೆಯಲ್ಲಿಯೇ ತೀರಿಕೊಂಡ.

ಇವನನ್ನು ದುರ್ಬಲನೆಂದವರುಂಟು, ಸಂತನೆಂದವರೂ ಉಂಟು. ಎರಡೂ ತುಸು ಅವಸರದ ತೀರ್ಪುಗಳು. ಅರ್ಜಿಗೆ ಕಿವಿಗೊಡದ ದೊರೆಯ ವಿರುದ್ಧ ಕತ್ತಿಯೆತ್ತುವುದು ತಪ್ಪಲ್ಲವೆಂದು ಅವನು ನಂಬಿದ್ದ. ಆ ಕತ್ತಿ ಅರ್ಜಿಗೆ ದಾರಿ ಮಾಡಿಕೊಡಬೇಕು, ತೀರ್ಪನ್ನು ತಾನೇ ಬರೆಯಬಾರದು ಎಂದೂ ನಂಬಿದ್ದ. ಎರಡನೆಯ ನಂಬಿಕೆಯನ್ನು ಕಾಪಾಡಲು ಬೇಕಾದ ಮಾತು, ಬೇಕಾದ ಗಳಿಗೆಯಲ್ಲಿ, ಅವನ ನಾಲಗೆಯಿಂದ ಹೊರಡಲಿಲ್ಲ. ತನ್ನ ಕೈಯನ್ನು ಶುದ್ಧವಾಗಿ ಇಟ್ಟುಕೊಳ್ಳುವುದು ಅವನಿಂದ ಸಾಧ್ಯವಾಯಿತು. ತನ್ನ ಸೈನ್ಯದ ಕೈಯನ್ನು ಹಿಡಿಯುವುದು ಆಗಲಿಲ್ಲ. ಬಲವನ್ನು ಹುಟ್ಟಿಸಿದವರು ಆ ಬಲದ ಹೊಣೆಯಿಂದ ಪಾರಾಗುವುದು ಎಷ್ಟು ಕಷ್ಟವೆಂಬುದನ್ನು ಅವನ ಬಾಳು ತೋರಿಸುತ್ತದೆ.

ಸಾಯುವ ಮುನ್ನ ಫೇರ್‌ಫ್ಯಾಕ್ಸ್ ತನ್ನ ಹಸ್ತಪ್ರತಿಗಳನ್ನು ಆಕ್ಸ್‌ಫರ್ಡಿನ ಬಾಡ್ಲಿಯನ್ ಭಂಡಾರಕ್ಕೆ ಬರೆದುಕೊಟ್ಟ. ರೋಜರ್ ಡಾಡ್ಸ್‌ವರ್ತ್ ಎಂಬ ವಿದ್ವಾಂಸನಿಗೆ ಆಶ್ರಯವಿತ್ತು ಆತ ಸಂಗ್ರಹಿಸಲು ನೆರವಾಗಿದ್ದ ಉತ್ತರದೇಶದ ಹಳೆಯ ದಾಖಲೆಗಳ ಪ್ರತಿಗಳೂ ಅದರಲ್ಲಿದ್ದುವು. ಅವುಗಳಲ್ಲಿ ಕೆಲವಕ್ಕೆ ಮೂಲ ಈಗ ಎಲ್ಲಿಯೂ ಇಲ್ಲ, ಯುದ್ಧದಲ್ಲಿ ಹಾಳಾದುವು. ಯಾರ್ಕ್‌ಷೈರಿನ ಚರಿತ್ರೆ ಬರೆಯುವವರು ಇಂದಿಗೂ ಆ ಸಂಪುಟಗಳನ್ನು ತೆರೆಯುತ್ತಾರೆ.